ಎದೆ ಬಡಿಯುತ್ತಿರುವಾಗ ಸಾವಿನ ಮಾತು

ಎಲ್ಲರಿಗೂ ನಮಸ್ಕಾರ. ಅಂಗಾಂಗ ದಾನ ಮತ್ತು ತೀವ್ರ ನಿಗಾ ಚಿಕಿತ್ಸೆಯ ಫೆಲೋಶಿಪ್‌ಗೆ ಸೇರಿರುವ ವೈದ್ಯರು ಮುಂದಿನ ಸಾಲುಗಳಲ್ಲಿ ಕೂತಿದ್ದೀರಿ. ಹಿಂದಿನ ಸಾಲುಗಳಲ್ಲಿ ವೈದ್ಯಕೀಯದ ಗಂಧಗಾಳಿ ಇಲ್ಲದವರೂ ಇದ್ದೀರಿ. ಇಬ್ಬರಿಗೂ ತಿಳಿಯುವ ಹಾಗೆ ಮಾತಾಡಬೇಕು. ಐಸಿಯು ಬಾಗಿಲಲ್ಲಿ ನಮಗೆ ದಿನವೂ ಇರುವ ಕೆಲಸ ಅದೇ.

ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ನನ್ನದೇ ತಪ್ಪು. ನಾನಿನ್ನೂ ಹೊಸಬ. ತಲೆಗೆ ಪೆಟ್ಟು ಬಿದ್ದು ಬಂದಿದ್ದ ಹುಡುಗನೊಬ್ಬನ ಪರೀಕ್ಷೆಗಳೆಲ್ಲ ಮುಗಿದು, ಮಿದುಳು ಸತ್ತಿದೆ ಎಂಬುದು ಖಚಿತವಾಗಿತ್ತು. ಹೊರಗೆ ಹೋಗಿ ಅವನ ತಂದೆಗೆ ಹೇಳಿದೆ: "ಮಿದುಳು ನಿಷ್ಕ್ರಿಯವಾಗಿದೆ. ಸದ್ಯಕ್ಕೆ ವೆಂಟಿಲೇಟರ್ ಮೇಲೆ ಇಟ್ಟಿದ್ದೇವೆ." ಅವರು ಉಸಿರು ಬಿಟ್ಟು, "ಸದ್ಯ! ಜೀವಕ್ಕೇನೂ ಆಗಿಲ್ವಲ್ಲ ಡಾಕ್ಟ್ರೇ. ಮಿದುಳು ಯಾವಾಗ ಸರಿಹೋಗುತ್ತೆ?" ಎಂದರು.

ನನ್ನ ಬಾಯಿಂದ ಹೊರಟ "ಸದ್ಯಕ್ಕೆ" ಅವರ ಕಿವಿ ತಲುಪುವಷ್ಟರಲ್ಲಿ "ಸದ್ಯ" ಆಗಿತ್ತು. ನಾನು ತಿದ್ದಲಿಲ್ಲ. ಧೈರ್ಯ ಬರಲಿಲ್ಲ. ಹತ್ತು ನಿಮಿಷದ ನಂತರ ಇನ್ನೊಬ್ಬರು ಹೋಗಿ ಅಂಗಾಂಗ ದಾನದ ಮಾತೆತ್ತಿದರು. ತಂದೆ ಕೂಗಾಡಲಿಲ್ಲ. "ಬದುಕಿರೋ ಮಗನ ಕಿಡ್ನಿ ಕೇಳ್ತಾ ಇದೀರಲ್ಲ" ಎಂದಷ್ಟೇ ಹೇಳಿದರು. ಆ ಮನುಷ್ಯ ದಾನಕ್ಕೆ ಒಪ್ಪಲಿಲ್ಲ ಎಂದು ದಾಖಲೆಯಲ್ಲಿ ಬರೆದೆವು. ನಿಜವಾಗಿ ಅವರು ನಿರಾಕರಿಸಿದ್ದು ದಾನವನ್ನಲ್ಲ. ಮಗ ಸತ್ತಿದ್ದಾನೆ ಎಂದು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

"ನಿಷ್ಕ್ರಿಯ" ಎಂಬ ಪದ ಪತ್ರಿಕೆಗಳಲ್ಲಿ ಬೇರೂರಿಬಿಟ್ಟಿದೆ. ನಮ್ಮ ವೈದ್ಯರೂ ಅದನ್ನೇ ಬಳಸುತ್ತಾರೆ. ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ, ಸಿಮ್ ಕಾರ್ಡ್ ನಿಷ್ಕ್ರಿಯವಾಗುತ್ತದೆ. ಅರ್ಜಿ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ. ಮಿದುಳಿನ ವಿಷಯದಲ್ಲೂ ಜನ ಹಾಗೆ ಅರ್ಥಮಾಡಿಕೊಂಡರೆ ತಪ್ಪು ಅವರದಲ್ಲ. "ಮಿದುಳು ಸಾವು" ಎಂದರೂ ಪೂರ್ತಿ ಬಗೆಹರಿಯದು. ಮಿದುಳು ಮಾತ್ರ ಸತ್ತಿದೆ, ಮಿಕ್ಕ ಮನುಷ್ಯ ಬದುಕಿದ್ದಾನೆ ಎಂದು ಕೇಳಿಸುತ್ತದೆ. ಈಗ ನಾನು ಹೇಳುವುದು ಇಷ್ಟೇ: "ನಿಮ್ಮ ಮಗ ತೀರಿಕೊಂಡಿದ್ದಾನೆ. ಎದೆ ಏರಿಳಿಯುತ್ತಿರುವುದು ಯಂತ್ರ ತಳ್ಳುತ್ತಿರುವ ಗಾಳಿಯಿಂದ."

ಈ ಗೊಂದಲವನ್ನು ಹುಟ್ಟುಹಾಕಿದವರು ನಾವೇ, ಅಂದರೆ ಐಸಿಯುನವರು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ತುಂಬಿಸಿದರು. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಚೀಲ ಒತ್ತಿದರು. ಇಂದಿನ ಐಸಿಯು ಬೆಳೆದದ್ದು ಅಲ್ಲಿಂದ. ಉಸಿರನ್ನು ಹೊರಗಿನಿಂದ ಕೊಡಬಹುದು ಎಂದಾದ ಮೇಲೆ, ಉಸಿರು ನಿಂತರೆ ಸಾವು ಎಂಬ ಹಳೆಯ ಲೆಕ್ಕ ಸಾಲದಾಯಿತು. 1959ರಲ್ಲಿ ಪ್ಯಾರಿಸ್‌ನಲ್ಲಿ ಮೊಲ್ಲಾರೆ ಮತ್ತು ಗುಲೋ ಎಂಬ ವೈದ್ಯರು, ಕೋಮಾದ ಆಚೆಗೂ ಒಂದು ಸ್ಥಿತಿಯಿದೆ ಎಂದು 23 ರೋಗಿಗಳ ವಿವರದೊಂದಿಗೆ ಬರೆದರು. ಅಲ್ಲಿಂದ ಯಾರೂ ಹಿಂದಿರುಗುವುದಿಲ್ಲ.

ಈ ಇಸವಿಯನ್ನು ನೆನಪಿಟ್ಟುಕೊಳ್ಳಿ. ಅಂಗಾಂಗಗಳಿಗಾಗಿಯೇ ವೈದ್ಯರು ಮಿದುಳು ಸಾವನ್ನು ಕಟ್ಟಿದರು ಎಂಬ ಅನುಮಾನವನ್ನು ನೀವು ಕೇಳಿಯೇ ಕೇಳುತ್ತೀರಿ. ಕ್ರಿಶ್ಚಿಯನ್ ಬರ್ನಾರ್ಡ್ ಕೇಪ್‌ಟೌನ್‌ನಲ್ಲಿ ಮೊದಲ ಹೃದಯ ಕಸಿ ಮಾಡಿದ್ದು 1967ರಲ್ಲಿ, ಪ್ಯಾರಿಸ್‌ನ ಆ ಲೇಖನ ಬಂದು ಎಂಟು ವರ್ಷಗಳಾದ ಮೇಲೆ. ಹಾಗೆಂದು ಅನುಮಾನಕ್ಕೆ ಆಧಾರವೇ ಇಲ್ಲ ಎನ್ನಬೇಡಿ. 1968ರಲ್ಲಿ ಮಿದುಳು ಸಾವಿನ ಮಾನದಂಡ ಕೊಟ್ಟ ಹಾರ್ವರ್ಡ್ ಸಮಿತಿಯ ವರದಿಯಲ್ಲೇ ಅಂಗಾಂಗ ಪಡೆಯುವ ವಿಷಯವೂ ಒಂದು ಕಾರಣವಾಗಿ ಬಂದಿದೆ. ಕೇಳುವವರಿಗೆ ಎರಡನ್ನೂ ಹೇಳಿ.

ಇನ್ನು ಪರೀಕ್ಷೆ. ಮೊದಲು, ಮಿದುಳಿಗೆ ಆದ ಹಾನಿಗೆ ಕಾರಣ ಗೊತ್ತಿರಬೇಕು. ಮೈ ತಣ್ಣಗಿರಬಾರದು, ರಕ್ತದೊತ್ತಡ ಕುಸಿದಿರಬಾರದು, ನಿದ್ರೆಯ ಔಷಧಿಯ ಪ್ರಭಾವ ಉಳಿದಿರಬಾರದು. ಇಲ್ಲಿ ಅವಸರ ಮಾಡಿದವರು ಮುಂದಿನದ್ದನ್ನು ಎಷ್ಟು ಚೆನ್ನಾಗಿ ಮಾಡಿದರೂ ವ್ಯರ್ಥ. ಆಮೇಲೆ ಕಣ್ಣಿನ ಪಾಪೆಗೆ ಬೆಳಕು, ಕಾರ್ನಿಯಾಗೆ ಹತ್ತಿಯ ಎಳೆ, ಕಿವಿಗೆ ಮಂಜಿನಷ್ಟು ತಣ್ಣನೆಯ 50 ಮಿಲಿಲೀಟರ್ ನೀರು, ಗಂಟಲಿಗೆ ಕೊಳವೆ. ಒಂದಕ್ಕೂ ಮಿದುಳಿನ ಕಾಂಡ, ಅಂದರೆ ಉಸಿರಾಟದಂಥ ಮೂಲ ಕೆಲಸಗಳನ್ನು ನಡೆಸುವ ಮಿದುಳಿನ ಬುಡದ ಭಾಗ, ಉತ್ತರ ಕೊಡಬಾರದು. ಕೊನೆಗೆ ಉಸಿರಿನ ಪರೀಕ್ಷೆ: ಆಮ್ಲಜನಕ ತುಂಬಿಸಿ, ವೆಂಟಿಲೇಟರ್ ಕಳಚಿ, ಎಂಟು ಹತ್ತು ನಿಮಿಷ ಎದೆಯನ್ನೇ ನೋಡುತ್ತಾ ನಿಲ್ಲುವುದು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ಪಾದರಸದ 60 ಮಿಲಿಮೀಟರ್ ದಾಟಿದರೂ, ಮೊದಲಿದ್ದುದಕ್ಕಿಂತ 20 ಏರಿದರೂ ಒಂದು ಉಸಿರೂ ಬರದಿದ್ದರೆ ಆಯಿತು. ಎಷ್ಟು ವೈದ್ಯರು, ಎಷ್ಟು ಸಲ ನೋಡಬೇಕೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ.

ಆ ಎಂಟು ನಿಮಿಷಗಳಷ್ಟು ಉದ್ದದ ಕಾಲವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯವರು ಬಯಸಿದರೆ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಕೆಲವು ಸಹೋದ್ಯೋಗಿಗಳಿಗೆ ಇದು ಕ್ರೌರ್ಯ ಎನಿಸುತ್ತದೆ. ನನ್ನ ಅನುಭವ ಹಾಗಿಲ್ಲ. ನಾನು ಅರ್ಧ ಗಂಟೆ ವಿವರಿಸಿದರೂ ತಿಳಿಯದ್ದು ಆ ಅಲುಗದ ಎದೆಯನ್ನು ನೋಡಿದಾಗ ತಿಳಿಯುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡಬೇಕು. ಮಿದುಳು ಸತ್ತ ಮೇಲೂ ಬೆನ್ನುಹುರಿ ತನ್ನಷ್ಟಕ್ಕೆ ತಾನು ಕೈಕಾಲು ಅಲುಗಿಸಬಲ್ಲದು. ಅಪರೂಪಕ್ಕೆ ಎರಡೂ ಕೈ ಮೇಲೆದ್ದು ಎದೆಯ ಮೇಲೆ ಬರುವುದುಂಟು. ಮೊದಲೇ ಹೇಳಿರದಿದ್ದರೆ ಆಮೇಲೆ ನೀವು ಏನು ಹೇಳಿದರೂ ಮನೆಯವರು ನಂಬುವುದಿಲ್ಲ. ನಂಬಲೂಬಾರದು.

ಮನೆಯವರು ಒಪ್ಪಿದರೆ ನಿಮ್ಮ ಕೆಲಸ ಹಗುರವಾಯಿತು ಎಂದುಕೊಂಡಿದ್ದೀರಾ? ಅಲ್ಲಿಂದ ನಿದ್ದೆಯಿಲ್ಲ. ಮಿದುಳು ಸಾಯುವಾಗ ರಕ್ತಕ್ಕೆ ಅಡ್ರಿನಲಿನ್ ನುಗ್ಗಿ ಒತ್ತಡ ಗಗನಕ್ಕೇರುತ್ತದೆ, ಹೃದಯಕ್ಕೆ ಪೆಟ್ಟಾಗುತ್ತದೆ, ಆಮೇಲೆ ಒತ್ತಡ ಪಾತಾಳಕ್ಕಿಳಿಯುತ್ತದೆ. ನೀರನ್ನು ಹಿಡಿದಿಡುವ ಹಾರ್ಮೋನು ನಿಂತು ಮೂತ್ರ ಲೀಟರುಗಟ್ಟಲೆ ಹರಿಯುತ್ತದೆ, ಸೋಡಿಯಂ ಏರುತ್ತದೆ. ಮೈಯ ಬಿಸಿ ಉಳಿಯುವುದಿಲ್ಲ. ಅಂಗಾಂಗಗಳು ಕೆಡದೆ ಉಳಿಯಬೇಕಾದರೆ ಇದನ್ನೆಲ್ಲ ಗಂಟೆಗಂಟೆಗೆ ಹಿಡಿದು ನಿಲ್ಲಿಸಬೇಕು. ಶ್ವಾಸಕೋಶವಂತೂ ಬಹಳ ಸೂಕ್ಷ್ಮ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೆಂಟಿಲೇಟರ್‌ನಿಂದ ಒಂದು ಸಲಕ್ಕೆ ಕೊಡುವ ಗಾಳಿಯನ್ನು ಕಡಿಮೆ ಮಾಡಿ ಜತನವಾಗಿ ನೋಡಿಕೊಂಡಾಗ ಕಸಿಗಾಗಿ ಶ್ವಾಸಕೋಶ ಪಡೆಯಲು ಸಾಧ್ಯವಾದ ದಾನಿಗಳ ಪ್ರಮಾಣ ಶೇ. 27ರಿಂದ ಶೇ. 54ಕ್ಕೆ ಏರಿತು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಇನ್ನೊಂದೆಡೆ, ನಾವು ವರ್ಷಗಟ್ಟಲೆ ಭಕ್ತಿಯಿಂದ ಕೊಡುತ್ತಿದ್ದ ಥೈರಾಯ್ಡ್ ಹಾರ್ಮೋನಿನಿಂದ ಹೃದಯ ಕಸಿಗಳು ಹೆಚ್ಚುವುದಿಲ್ಲ ಎಂದು 2023ರ ಅಧ್ಯಯನ ತೋರಿಸಿತು. ರೂಢಿ ಬಿಡುವುದು ನಮಗೆ ಸುಲಭವಲ್ಲ. ಇನ್ನೂ ಕೊಡುತ್ತಿರುವವರಿದ್ದಾರೆ.

ಹಿಂದಿನ ಸಾಲಿನವರ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ: ಬದುಕಿಸಬೇಕಾದವರೇ ದಾನದ ತರಬೇತಿಯನ್ನೂ ಪಡೆದರೆ, ನಮ್ಮವರನ್ನು ಬೇಗ ಕೈಬಿಡುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಅದಕ್ಕೇ ಗೋಡೆಗಳಿವೆ. ಸಾವನ್ನು ಘೋಷಿಸುವವರು ಕಸಿ ತಂಡದವರಾಗಿರುವಂತಿಲ್ಲ. ಸಾವಿನ ಸುದ್ದಿ ಬೇರೆ, ದಾನದ ಮಾತು ಬೇರೆ. ಮೊದಲನೆಯದು ಮನಸ್ಸಿಗೆ ಇಳಿಯುವ ಮೊದಲು ಎರಡನೆಯದನ್ನು ಎತ್ತುವಂತಿಲ್ಲ. ಹಾಗಾದರೆ ಐಸಿಯು ವೈದ್ಯರಿಗೇ ಏಕೆ ಕಲಿಸಬೇಕು? ಸ್ಪೇನ್ ನೋಡಿ. ಬೇಡ ಎಂದು ತಿಳಿಸದವರೆಲ್ಲ ಒಪ್ಪಿದ್ದಾರೆಂದು ಭಾವಿಸುವ ಕಾನೂನು ಅಲ್ಲಿ 1979ರಲ್ಲೇ ಬಂತು. ಹತ್ತು ವರ್ಷದ ನಂತರವೂ ದಾನಿಗಳು ವರ್ಷಕ್ಕೆ ಹತ್ತು ಲಕ್ಷ ಜನಕ್ಕೆ 14ರಷ್ಟೇ. 1989ರಲ್ಲಿ ರಾಫೆಲ್ ಮಾತೆಸಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟಿ, ಆಸ್ಪತ್ರೆಗಳ ಒಳಗೇ ಸಂಯೋಜಕರನ್ನು ನೇಮಿಸಿತು. ಅವರಲ್ಲಿ ಹೆಚ್ಚಿನವರು ತರಬೇತಿ ಪಡೆದ ಐಸಿಯು ವೈದ್ಯರು. ಆ ಸಂಖ್ಯೆ ಈಗ 40 ದಾಟಿದೆ. ಕಾನೂನು ಏನೇ ಹೇಳಲಿ, ಅಲ್ಲಿ ಇಂದಿಗೂ ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ.

ಹೃದಯ ನಿಂತ ಮೇಲೆ ಮಾಡುವ ದಾನದ ಬಗ್ಗೆ ಇಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ದಿನ ಬೇಕು.

ಫೆಲೋಗಳಿಗೆ ಒಂದು ಮಾತು. ಎಷ್ಟು ಕುಟುಂಬಗಳು ಒಪ್ಪಿದವು ಎಂಬ ಲೆಕ್ಕದ ಮೇಲೆ ನಿಮಗೆ ಇಲ್ಲಿ ಅಂಕ ಇಲ್ಲ. ಪರೀಕ್ಷೆ ಮಾಡಬೇಕಾಗಿದ್ದ ರೋಗಿಗೆ ಪರೀಕ್ಷೆ ಆಯಿತೇ, ಮನೆಯವರಿಗೆ ಸಾವು ಅರ್ಥವಾಯಿತೇ, ಬೇಡ ಎಂದವರನ್ನು ಎರಡನೇ ಸಲ ಕಾಡದೆ ಬಿಟ್ಟಿರೇ ಎಂದು ನೋಡುತ್ತೇವೆ. ಮಧ್ಯಾಹ್ನ ಎರಡು ಗಂಟೆಗೆ ಮೊದಲ ಪಾಠ. ಕೋಣೆಯಲ್ಲಿ ಎರಡು ಕುರ್ಚಿ ಇರುತ್ತವೆ. ಎದುರಿನ ಕುರ್ಚಿಯಲ್ಲಿ ತಂದೆಯಾಗಿ ನಾನು ಕೂತಿರುತ್ತೇನೆ. "ನಿಮ್ಮ ಮಗ ತೀರಿಕೊಂಡಿದ್ದಾನೆ" ಎಂದು ಹೇಳಿ, ನಾನು ಮಾತಾಡುವ ತನಕ ಸುಮ್ಮನಿರಬೇಕು. ಹೆಚ್ಚಿನವರು ಐದಾರು ಸೆಕೆಂಡಿಗೇ ಬಾಯಿ ತೆರೆಯುತ್ತಾರೆ. ನಾನು ಕೆಲವೊಮ್ಮೆ ಮೂರು ನಿಮಿಷ ಮಾತಾಡುವುದಿಲ್ಲ. ಫೋನ್ ಹೊರಗಿಟ್ಟು ಬನ್ನಿ.