ಗಾಡಿಯ ಎಸ್ಟಿಮೇಟಿನಲ್ಲಿ ಗಿರಾಕಿಯ ಪಾಲು

ಕೇಳುಗರಿಗೆ ನಮಸ್ಕಾರ.

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸಿನಲ್ಲಿ ಪೆಟ್ಟು ತಿಂದ ಗಾಡಿಗಳು ಕೊನೆಗೆ ಬಂದು ನಿಲ್ಲುವುದು ನಮ್ಮ ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳ ಮುಂದೆಯೇ. ಡೆಂಟಿಂಗ್, ಪೇಂಟಿಂಗ್ ಮಾಡುವ ಗ್ಯಾರೇಜಿನ ಮಾಲೀಕರು ಈಚೆಗೆ ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: ಎಸ್ಟಿಮೇಟ್ ಬರೆಯಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಬೆಲೆ ಕೇಳುವ ಮೊದಲು, ಪರದೆಯ ಚೆಂದ ನೋಡುವ ಮೊದಲು, ಮಾರಲು ಬಂದವರಿಗೆ ಒಂದು ಪ್ರಶ್ನೆ ಹಾಕಿ. ವಿಮೆ ಕಂಪನಿ ಕೊಡುವುದೆಷ್ಟು, ಗಾಡಿಯ ಮಾಲೀಕ ಕೈಯಿಂದ ಹಾಕಬೇಕಾದದ್ದೆಷ್ಟು ಎಂಬುದನ್ನು ಕೆಲಸಕ್ಕೆ ಕೈ ಹಚ್ಚುವ ಮೊದಲೇ ಇದು ತೋರಿಸುತ್ತದೆಯೇ? ಗ್ಯಾರೇಜಿನಲ್ಲಿ ಜಗಳ ಹುಟ್ಟುವುದು ಗಾಡಿ ಬಿಡಿಸಿಕೊಳ್ಳುವ ದಿನ. ‘ಇನ್ಶೂರೆನ್ಸ್ ಇದೆಯಲ್ಲ, ನಾನೇಕೆ ಕೊಡಲಿ?’ ಎನ್ನುತ್ತಾರೆ ಗಿರಾಕಿ. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಮೊದಲೇ ಯಾರೂ ಅವರಿಗೆ ಹೇಳಿರುವುದಿಲ್ಲ.

ಒಂದು ಲೆಕ್ಕ ನೋಡೋಣ. ಮೂರೂವರೆ ವರ್ಷದ ಸಣ್ಣ ಕಾರು, ಎಂಜಿನ್ 1,200 ಸಿಸಿ, ಸಾಮಾನ್ಯ ಸಮಗ್ರ ಪಾಲಿಸಿ. ಮುಂದಿನ ಬಂಪರಿಗೆ 4,000 ರೂಪಾಯಿ, ಬಾನೆಟ್ಟಿಗೆ 8,000, ಮುಂಗಾಜಿಗೆ 6,000, ಪೇಂಟಿಂಗಿಗೆ ಒಟ್ಟಾಗಿ 12,000 ಎಂದಿಟ್ಟುಕೊಳ್ಳಿ. ತೆರಿಗೆ, ಮಜೂರಿ ಸದ್ಯಕ್ಕೆ ಬದಿಗಿರಲಿ. ಒಟ್ಟು 30,000 ಆಯಿತು. ಬಂಪರ್ ಪ್ಲಾಸ್ಟಿಕ್ಕಿನದು, ಪ್ಲಾಸ್ಟಿಕ್, ರಬ್ಬರಿಗೆ ಗಾಡಿ ಎಷ್ಟೇ ಹೊಸದಿದ್ದರೂ ಸವಕಳಿ, ಅಂದರೆ ಸಾಮಾನು ಬಳಸಿ ಸವೆದದ್ದಕ್ಕೆಂದು ವಿಮೆ ಕಂಪನಿ ಕಳೆಯುವ ಪಾಲು, ಶೇ. 50. ಅಲ್ಲಿ 2,000 ಹೋಯಿತು. ಬಾನೆಟ್ ಲೋಹದ್ದು; ಲೋಹಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ, ಮೂರು ದಾಟಿ ನಾಲ್ಕರೊಳಗಿದ್ದರೆ ಶೇ. 25. ಮತ್ತೆ 2,000. ಗಾಜಿಗೆ ಸವಕಳಿ ಇಲ್ಲ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ, ಅಂದರೆ 1,500. ಇವೆಲ್ಲದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿಯ ಕಡ್ಡಾಯ ಕಡಿತ. ಗಿರಾಕಿಯ ಪಾಲು 6,500 ರೂಪಾಯಿ. ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇದ್ದರೆ ಚಿತ್ರವೇ ಬೇರೆ.

ಇದನ್ನು ಸಾಫ್ಟ್‌ವೇರ್ ತಾನೇ ಮಾಡಬೇಕಾದರೆ ಪ್ರತಿ ಸಾಮಾನಿನ ಮುಂದೆ ಅದು ಲೋಹವೋ, ಪ್ಲಾಸ್ಟಿಕ್ಕೋ, ಫೈಬರ್ ಗ್ಲಾಸೋ, ಗಾಜೋ ಎಂದು ದಾಖಲಾಗಿರಬೇಕು. ನೋಂದಣಿಯ ದಿನಾಂಕದಿಂದ ವಯಸ್ಸು ತಾನಾಗಿ ಬರಬೇಕು. ‘ಪಾರ್ಟ್ಸ್’ ಎಂಬ ಒಂದೇ ತಲೆಬರಹದಡಿ ಎಲ್ಲವನ್ನೂ ತುಂಬುವ ಸಾಫ್ಟ್‌ವೇರ್ ಬಿಲ್ ಮಾಡಲು ಸಾಕು, ಎಸ್ಟಿಮೇಟಿಗೆ ಸಾಲದು.

ಬ್ಯಾಡಗಿ, ರಾಣೆಬೆನ್ನೂರು ಕಡೆಯಿಂದ ಸರಕು ಸಾಗಣೆಯ ಗಾಡಿಗಳು ಬರುವ ಗ್ಯಾರೇಜಿನವರು ಇನ್ನೊಂದನ್ನೂ ನೋಡಬೇಕು. ಆ ಪಾಲಿಸಿಗಳಲ್ಲಿ ಐಎಂಟಿ 23 ಎಂಬ ಷರತ್ತನ್ನು ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸಿರದಿದ್ದರೆ ಬಂಪರ್, ಬಾನೆಟ್, ಮಡ್‌ಗಾರ್ಡ್, ಹೆಡ್‌ಲೈಟ್, ಪೇಂಟಿಗೆ ದುರಸ್ತಿಯ ಹಣ ಬರುವುದಿಲ್ಲ. ಸೇರಿಸಿದ್ದರೂ ಅರ್ಧವೇ. ಇದನ್ನು ಕೇಳದೆ ಎಸ್ಟಿಮೇಟ್ ಮಾಡಿದರೆ ಚಾಲಕ-ಮಾಲೀಕನ ಒಂದು ಹಂಗಾಮಿನ ದುಡಿಮೆ ನಿಮ್ಮ ಬಿಲ್ಲಿಗೇ ಹೋಗುತ್ತದೆ. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಂಕಟವಿದೆ.

ಅಮೆರಿಕದಲ್ಲಿ ಸಿಸಿಸಿ, ಮಿಚೆಲ್, ಆಡಾಟೆಕ್ಸ್ ಎಂಬ ಮೂರು ಹೆಸರುಗಳು ಈ ಕೆಲಸಕ್ಕೆ ಪ್ರಸಿದ್ಧ. ಯಾವ ಬಾಗಿಲು ಬಿಚ್ಚಿ ಜೋಡಿಸಲು ಎಷ್ಟು ಗಂಟೆ ಎಂಬ ದೊಡ್ಡ ಭಂಡಾರ ಅವುಗಳಲ್ಲಿದೆ. ಗಂಟೆಗೆ ಇಷ್ಟು ಎಂದು ದರ ಹಾಕಿದರೆ ಮಜೂರಿ ತಾನೇ ಬರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದು ಪ್ಯಾನೆಲ್ಲಿಗೆ ಇಷ್ಟು ಎಂಬ ಗುತ್ತಿಗೆಯ ಲೆಕ್ಕ. ಹಾಗಾಗಿ ಅಲ್ಲಿನ ಮಾದರಿ ನೋಡಿ ತಯಾರಾದುದನ್ನು ತಂದರೆ ಇಲ್ಲಿ ಗಂಟೆಗಳನ್ನು ಸುಮ್ಮನೆ ತುಂಬುತ್ತ ಕೂರಬೇಕಾಗುತ್ತದೆ. ನಿಮ್ಮದೇ ಪ್ಯಾನೆಲ್ ದರಗಳನ್ನು ಒಮ್ಮೆ ತುಂಬಿಟ್ಟು, ಹೊಸ ಸಾಮಾನು ಹಾಕುವುದಕ್ಕೂ ಹಳೆಯದನ್ನೇ ತಟ್ಟಿ ನೇರ ಮಾಡುವುದಕ್ಕೂ ಬೇರೆ ಬೇರೆ ಸಾಲು ಕೊಡುವಂಥದ್ದು ನಿಮಗೆ ಸಾಕು. ಹುಬ್ಬಳ್ಳಿಯ ದರ ಬೇರೆ, ಗದಗಿನದು ಬೇರೆ ಇರಬಹುದು. ಅದನ್ನು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿರಲಿ.

ತೆರಿಗೆಯದು ಚಿಕ್ಕ ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ. 18 ಆಯಿತು; ಅದಕ್ಕೂ ಮೊದಲು ಬಹಳಷ್ಟಕ್ಕೆ ಶೇ. 28 ಇತ್ತು. ದರ ಬದಲಾದಾಗ ಹಳೆಯ ಎಸ್ಟಿಮೇಟುಗಳು ಕೆಡದೆ, ಹೊಸವಕ್ಕೆ ಹೊಸ ದರ ಬೀಳುತ್ತದೆಯೇ ಎಂದು ಮಾಡಿಸಿ ನೋಡಿ.

ಬಂಪರ್ ಬಿಚ್ಚಿದ ಮೇಲೆ ಒಳಗಿನ ರೇಡಿಯೇಟರ್ ಸೋರುವುದು ಕಾಣುತ್ತದೆ. ಆಗ ಪೂರಕ ಎಸ್ಟಿಮೇಟ್ ಬೇಕು. ಮೊದಲಿನದನ್ನೇ ತಿದ್ದಿ ಮೊತ್ತ ಬದಲಿಸುವ ಸಾಫ್ಟ್‌ವೇರ್ ಬೇಡ. ಮೊದಲಿನದು ಹಾಗೆಯೇ ಉಳಿದು, ಎರಡನೆಯದು ಅದರ ಕೆಳಗೆ, ದಿನಾಂಕ ಮತ್ತು ಫೋಟೋ ಸಹಿತ ನಿಲ್ಲಬೇಕು. ವಿಮೆ ಕಂಪನಿಯ ಪರವಾಗಿ ನಷ್ಟ ಅಳೆಯುವ ಸರ್ವೇಯರ್ ಬಂದಾಗ ಮೊಬೈಲಿನಲ್ಲೇ ಸಾಲು ಸಾಲಾಗಿ ತೋರಿಸಲು ಸಾಧ್ಯವಾಗಬೇಕು. ಗಿರಾಕಿಗೆ ಕೊಡುವ ಪ್ರತಿ ಕನ್ನಡದಲ್ಲಿ ಬಂದರಂತೂ ಬಹಳ ಒಳ್ಳೆಯದು. ತಮ್ಮ ಪಾಲು ಯಾವ ಸಾಮಾನಿಗೆ ಎಷ್ಟು ಎಂದು ಅವರೇ ಓದಿಕೊಂಡು ಸಹಿ ಹಾಕುತ್ತಾರೆ.

ಮಾರುವವರು ತೋರಿಸುವ ಮಾದರಿ ಗಾಡಿಯನ್ನು ನಂಬಬೇಡಿ. ಇತ್ಯರ್ಥವಾದ ಕ್ಲೇಮುಗಳ ನಿಮ್ಮದೇ ಕಡತಗಳನ್ನು ತೆಗೆದುಕೊಂಡು, ಅವರೆದುರೇ ಮೊದಲಿನಿಂದ ತುಂಬಿಸಿ. ವಿಮೆ ಕಂಪನಿ ಕೊನೆಗೆ ಕೊಟ್ಟ ಮೊತ್ತಕ್ಕೂ ಸಾಫ್ಟ್‌ವೇರ್ ಹೇಳಿದ ಮೊತ್ತಕ್ಕೂ ಎಷ್ಟು ಅಂತರವಿದೆ, ಯಾವ ಸಾಲಿನಲ್ಲಿದೆ ಎಂದು ನೋಡಿ. ನಿಮ್ಮ ಗ್ಯಾರೇಜಿನಲ್ಲಿ ಎಸ್ಟಿಮೇಟ್ ಬರೆಯುವ ಹುಡುಗನೇ ಕೀಲಿಮಣೆಯ ಮುಂದೆ ಕೂರಲಿ. ಎರಡನೆಯ ಗಾಡಿಗೆ ಅವನು ಯಾರನ್ನೂ ಕೇಳದೆ ಮುಗಿಸಬೇಕು. ನಡುವೆ ಇಂಟರ್ನೆಟ್ ತೆಗೆದುಹಾಕಿ, ತುಂಬಿದ್ದು ಉಳಿಯುತ್ತದೆಯೇ ಎಂದು ಪರೀಕ್ಷಿಸಿ.

ಹಣ ಕೊಡುವ ಮುನ್ನ ಕೊನೆಯದಾಗಿ, ತುಂಬಿದ ಎಸ್ಟಿಮೇಟುಗಳನ್ನೆಲ್ಲ ಎಕ್ಸೆಲ್ ಕಡತವಾಗಿ ಹೊರತೆಗೆದು ಕೊಡಲು ಹೇಳಿ. ವರ್ಷದ ಚಂದಾ ನಿಲ್ಲಿಸಿದ ದಿನವೂ ನಿಮ್ಮ ಗಿರಾಕಿಗಳ ಲೆಕ್ಕ ನಿಮ್ಮ ಬಳಿ ಇರಬೇಕು. ‘ಅದು ಆಮೇಲೆ ನೋಡೋಣ’ ಎಂದರೆ ಚೆಕ್ ಬರೆಯಬೇಡಿ.

ನಮಸ್ಕಾರ.