2662 ಅಂದರೆ ಯಾರು?

ನಮಸ್ಕಾರ. ಕೈಗೆ ಸಿಗುವ ಹಾಗೆ ಪೆನ್ನು, ಚೀಟಿ ಇದ್ದರೆ ತಗೊಳ್ಳಿ. 66, 2, 555, 33. ಇನ್ನೊಮ್ಮೆ ಹೇಳುತ್ತೇನೆ: ಆರು ಎರಡು ಸಲ, ಎರಡು ಒಂದೇ ಸಲ, ಐದು ಮೂರು ಸಲ, ಮೂರು ಎರಡು ಸಲ.

ಬಟನ್ ಫೋನಿನಲ್ಲಿ ಮೆಸೇಜ್ ಒತ್ತಿದವರ ಹೆಬ್ಬೆರಳಿಗೆ ಇದು ಆಗಲೇ ಗೊತ್ತಾಗಿರುತ್ತದೆ. 2ರಲ್ಲಿ ಎ, ಬಿ, ಸಿ. 3ರಲ್ಲಿ ಡಿ, ಇ, ಎಫ್. ಹೀಗೇ 9ರವರೆಗೆ. 7ಕ್ಕೂ 9ಕ್ಕೂ ಮಾತ್ರ ನಾಲ್ಕು ನಾಲ್ಕು ಅಕ್ಷರ. ಒಂದು ಸಲ ಒತ್ತಿದರೆ ಮೊದಲನೆಯದು, ಎರಡು ಸಲ ಒತ್ತಿದರೆ ಎರಡನೆಯದು. ಹಾಗಾಗಿ 66 ಎನ್, 2 ಎ, 555 ಎಲ್, 33 ಇ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ‘ನಾಳೆ’.

ಅಂದಹಾಗೆ, ಈ ಅಕ್ಷರಗಳು ಮೆಸೇಜಿಗಾಗಿ ಬಂದವಲ್ಲ. 1920ರ ದಶಕದಲ್ಲಿ ಅಮೆರಿಕದ ದೊಡ್ಡ ಊರುಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ, ಅಂದರೆ ಕರೆ ಜೋಡಿಸುವ ಕೇಂದ್ರದ, ಹೆಸರಿನ ಮೊದಲ ಅಕ್ಷರಗಳನ್ನು ಫೋನಿನ ಡಯಲಿನಲ್ಲಿ ತಿರುಗಿಸಿ, ಆಮೇಲೆ ನಂಬರ್ ತಿರುಗಿಸುತ್ತಿದ್ದರು. ಅದಕ್ಕೇ ಡಯಲಿಗೆ ಅಕ್ಷರ ಬಂತು. ಎಸ್ಸೆಮ್ಮೆಸ್ ಬಂದದ್ದು ಎಷ್ಟೋ ಕಾಲದ ನಂತರ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಹೋದ ಮೊದಲ ಎಸ್ಸೆಮ್ಮೆಸ್ಸನ್ನೂ ಒತ್ತಿದ್ದು ಕಂಪ್ಯೂಟರಿನಲ್ಲಿ!

ಗುಟ್ಟಿನ ಬರಹಕ್ಕೆ ಇದು ಸುಲಭದ ಬೀಗ. ನಾವು ಕ್ಲಾಸಿನಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹೀಗೇ ಬರೆದುಕೊಳ್ಳುತ್ತಿದ್ದೆವು. ಮೇಷ್ಟ್ರ ಜೇಬಿನಲ್ಲೂ ಅದೇ ಥರದ ಫೋನ್ ಇದೆ ಅನ್ನೋದು ಯಾರಿಗೂ ಹೊಳೆದಿರಲಿಲ್ಲ. ಸಿಕ್ಕಿಬಿದ್ದೆವು, ಬಿಡಿ.

ಮಜಾ ಇರುವುದು ಟಿ9 ಎಂಬ ಇನ್ನೊಂದು ಪದ್ಧತಿಯಲ್ಲಿ. ಅಲ್ಲಿ ಯಾವ ಅಕ್ಷರಕ್ಕೂ ಒಂದೇ ಒತ್ತು. ‘ನಾಳೆ’ಗೆ 6253 ಒತ್ತಿದರೆ ಸಾಕು. ಆದರೆ ನಾಲ್ಕು ಅಂಕಿಗೂ ಮೂರು ಮೂರು ಅಕ್ಷರ ಇವೆ. ಒಟ್ಟು 81 ಜೋಡಣೆ. ಅದರಲ್ಲಿ ಅರ್ಥ ಇರುವ ಪದ ಯಾವುದು ಅಂತ ಫೋನು ತನ್ನೊಳಗಿನ ಪದಪಟ್ಟಿ ನೋಡಿ ಹೇಳಬೇಕು. ಆ ಪಟ್ಟಿ ಇಂಗ್ಲಿಷಿನದಾದರೆ ಅದಕ್ಕೆ ನಮ್ಮ ನಾಳೆ ಎಲ್ಲಿ ಗೊತ್ತು?

ಪಟ್ಟಿ ಇಲ್ಲದೆ ನಾವೇ ಬಿಡಿಸೋಣ. 6253 ‘ನಾಳೆ’ ಆಗಬಹುದು, ‘ಮಳೆ’ಯೂ ಆಗಬಹುದು. ಎಂ, ಎನ್ ಎರಡೂ 6ರಲ್ಲೇ ಇವೆಯಲ್ಲ. ಚೀಟಿಯಲ್ಲಿ 6253 6253 ಅಂತ ಎರಡು ಸಲ ಇದ್ದರೆ ‘ನಾಳೆ ಮಳೆ’ ಅಂತ ಓದಬೇಕು. ಆಮೇಲೆ 2662. ಅದು ಅಮ್ಮ. ಅಣ್ಣನೂ ಅದೇ. ಊಟಕ್ಕೆ ಬಡಿಸುವ ಅನ್ನವೂ ಅದೇ! ಚೀಟಿ ಯಾರು ಬರೆದದ್ದು, ಯಾವ ಹೊತ್ತಿನಲ್ಲಿ ಬರೆದದ್ದು ಅಂತ ತಿಳಿಯದೆ ಇದನ್ನು ಬಿಡಿಸುವ ಹಾಗಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಹಾಸ್ಟೆಲಿನಿಂದ ಬಂದದ್ದಾದರೆ ನಾನಂತೂ ಅನ್ನ ಅಂತಲೇ ಓದುತ್ತೇನೆ.

ಈಗ ನಿಮಗೊಂದು. ಇದು ಮೊದಲಿನ ಪದ್ಧತಿಯದು, ಗೊಂದಲ ಇಲ್ಲ. 55, 2, 333, 444. ಸ್ವಲ್ಪ ಜಾಗ ಬಿಡಿ. 2, 999, 8, 2. ಬಿಡಿಸಿದ ಮೇಲೆ ಪಕ್ಕದಲ್ಲಿ ಇರುವವರನ್ನು ಅದನ್ನೇ ಕೇಳಿಬಿಡಿ. ನಮಸ್ಕಾರ.