ಡ್ರ್ಯಾಗನ್ ಬಿಡಿ, ಆ ನಡಿಗೆ ನೋಡಿ

ನಮಸ್ಕಾರ. ಇವತ್ತಿನ ಮಾತು ಪೂರ್ತಿ 'ಹೌಸ್ ಆಫ್ ದ ಡ್ರ್ಯಾಗನ್' ಅನ್ನುವ ಇಂಗ್ಲಿಷ್ ಸೀರೀಸ್ ಬಗ್ಗೆ. ಆದರೆ ನಿಮಗೆ ಕಾಣುವುದು ಮಾತ್ರ ಕುಂಬಳೆ. ಸೀರೀಸ್ ಕ್ಲಿಪ್ ಹಾಕಿದರೆ ಕಾಪಿರೈಟ್ ಬೀಳುತ್ತದೆ, ಅಷ್ಟೇ ಕಾರಣ. ಕಿವಿ ನನಗೆ ಕೊಡಿ, ಕಣ್ಣಿಗೆ ನಮ್ಮೂರು ಇರಲಿ. ಎರಡು ಸೀಸನ್ ನೋಡದವರು ಇಲ್ಲೇ ಇಳಿದುಕೊಳ್ಳಿ. ಮುಂದೆ ಎಲ್ಲ ಬಿಚ್ಚಿ ಹೇಳುತ್ತೇನೆ.

ಈ ಸೀರೀಸ್ ಅಂದರೆ ಎಲ್ಲರಿಗೂ ಡ್ರ್ಯಾಗನ್ ಮಾತು. ಯಾವುದು ದೊಡ್ಡದು, ಯಾವುದು ಯಾವುದನ್ನು ಕಚ್ಚಿ ಕೊಂದಿತು. ನನಗೂ ಇಷ್ಟ, ಸುಳ್ಳು ಯಾಕೆ? ಆದರೆ ಪ್ರತಿ ಎಪಿಸೋಡ್ ಶುರುವಿನಲ್ಲಿ ನಾನು ಹುಡುಕುವುದು ಒಂದೇ ಹೆಸರು. ಗೀತಾ ವಸಂತ್ ಪಟೇಲ್. ಆ ಹೆಸರು ಬಂತೆಂದರೆ ಆ ವಾರ ಡ್ರ್ಯಾಗನ್ ಬೆಂಕಿ ಕಡಿಮೆ, ಮನೆಯೊಳಗಿನ ಉರಿ ಜಾಸ್ತಿ.

ಇವರು ಭಾರತ ಮೂಲದ ಅಮೆರಿಕನ್ ನಿರ್ದೇಶಕಿ. ಬಂದದ್ದು ಡಾಕ್ಯುಮೆಂಟರಿಯಿಂದ. 2008ರಲ್ಲಿ, ಪಾಕಿಸ್ತಾನಿ ಮೂಲದ ಗೆಳತಿ ಸೆನೈನ್ ಖೇಷ್ಗಿ ಜೊತೆ ಸೇರಿ ಕಾಶ್ಮೀರದ ಬಗ್ಗೆ ಒಂದು ಚಿತ್ರ ಮಾಡಿದರು. ಆಮೇಲೆ 'ಮೀಟ್ ದ ಪಟೇಲ್ಸ್'. ಅದರಲ್ಲಿ ತಮ್ಮ ರವಿಗೆ ಅಪ್ಪ ಅಮ್ಮ ಹೆಣ್ಣು ಹುಡುಕುತ್ತಾರೆ, ಅಕ್ಕ ಕ್ಯಾಮೆರಾ ಹಿಡಿದು ಮನೆ ತುಂಬ ಹಿಂದೆ ಹಿಂದೆ ಓಡಾಡುತ್ತಾರೆ. ಹೆಸರಿನ ನಡುವೆ ಇರುವ ವಸಂತ್ ಅಂದರೆ ಅವರ ಅಪ್ಪ. ಆ ಚಿತ್ರದಲ್ಲಿ ಅವರೇ ಹೀರೋ ಅಂತ ನನ್ನ ಅಭಿಪ್ರಾಯ. ಸೊಸೆ ಎಂಥವಳು ಬೇಕು ಅಂತ ಒಂದು ಕುಟುಂಬ ಹೇಗೆಲ್ಲ ಒದ್ದಾಡುತ್ತದೆ ಅಂತ ಹತ್ತಿರದಿಂದ ಕಂಡವರಿಗೆ, ಸಿಂಹಾಸನಕ್ಕೆ ಯಾರು ಅಂತ ಒದ್ದಾಡುವ ಕುಟುಂಬ ಹೊಸದೇನಲ್ಲ ಬಿಡಿ.

ಮೊದಲ ಸೀಸನ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಎಪಿಸೋಡ್, ಎಂಟನೆಯದು. ರಾಜ ವಿಸೇರಿಸ್ ಸಾಯುವ ಸ್ಥಿತಿಯಲ್ಲಿದ್ದಾನೆ. ಮೈ ಕೊಳೆಯುತ್ತಿದೆ, ಒಂದು ಕಣ್ಣು ಹೋಗಿದೆ. ಅವನ ಸಿಂಹಾಸನದಲ್ಲಿ ಮಂತ್ರಿ ಆಟೋ ಕೂತು ನ್ಯಾಯ ಹೇಳುತ್ತಿದ್ದಾನೆ. ಮಗಳು ರೆನೀರಾಳ ಮಗನಿಗೆ ಡ್ರಿಫ್ಟ್‌ಮಾರ್ಕ್ ಅನ್ನುವ ದ್ವೀಪದ ಮೇಲೆ ಹಕ್ಕಿಲ್ಲ ಅಂತ ವಾದ ನಡೆದಿದೆ, ತೀರ್ಪು ಅವಳ ವಿರುದ್ಧ ಬೀಳುವುದು ಗ್ಯಾರಂಟಿ. ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಅರ್ಧ ಮುಖಕ್ಕೆ ಚಿನ್ನದ ಮುಖವಾಡ, ಕೈಯಲ್ಲಿ ಕೋಲು. ರಾಜ ಬಂದ.

ಆಮೇಲೆ ಏನಾಗುತ್ತದೆ? ನಡೆಯುತ್ತಾನೆ. ಅಷ್ಟೇ. ಬಾಗಿಲಿನಿಂದ ಸಿಂಹಾಸನದವರೆಗೆ. ಗೀತಾ ಅದನ್ನು ಕತ್ತರಿಸಿ ಬೇಗ ಮುಗಿಸುವುದಿಲ್ಲ. ಕೋಲಿನ ಸದ್ದು, ಉಸಿರು, ನೋಡುವವರ ಮುಖ. ಮೆಟ್ಟಿಲಿನಲ್ಲಿ ಸೋತು ನಿಲ್ಲುತ್ತಾನೆ. ಕಿರೀಟ ಬೀಳುತ್ತದೆ. ತಮ್ಮ ಡೀಮನ್ ಎತ್ತಿಕೊಂಡು ಅಣ್ಣನ ತಲೆಗೆ ಇಡುತ್ತಾನೆ. ಜೀವನಪೂರ್ತಿ ಆ ಕಿರೀಟದ ಮೇಲೆ ಕಣ್ಣಿಟ್ಟ ತಮ್ಮ! ಇದು ಬರೆದದ್ದಲ್ಲ. ಶೂಟಿಂಗ್‌ನಲ್ಲಿ ಪ್ಯಾಡಿ ಕಾನ್ಸಿಡೈನ್ ತಲೆಯಿಂದ ಕಿರೀಟ ನಿಜಕ್ಕೂ ಜಾರಿತು, ಮ್ಯಾಟ್ ಸ್ಮಿತ್ ಪಾತ್ರ ಬಿಡದೆ ಎತ್ತಿಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ 'ಕಟ್' ಅನ್ನುತ್ತಿದ್ದರೋ ಏನೋ. ಡಾಕ್ಯುಮೆಂಟರಿ ಮಾಡಿದವರಿಗೆ ಗೊತ್ತು, ಎದುರಿಗೆ ಬಂದದ್ದನ್ನು ಹಿಡಿದುಕೊಳ್ಳಬೇಕು.

ನಾವು ಕುಂಬಳೆ ಸೀಮೆಯವರು, ಯಕ್ಷಗಾನದ ಪಾರ್ತಿಸುಬ್ಬನ ಊರಿನವರು. ಪ್ರವೇಶದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಣ್ಣದ ವೇಷ ಬಂದಕೂಡಲೇ ಮುಖ ತೋರಿಸುತ್ತದಾ? ಇಲ್ಲ. ತೆರೆಯ ಹಿಂದೆ ನಿಂತು ಕಾಯಿಸುತ್ತದೆ. ಚೆಂಡೆ ಏರುತ್ತದೆ. ಕಿರೀಟದ ತುದಿ ಕಂಡಿತು, ಇನ್ನೂ ಮುಖ ಇಲ್ಲ. ಕೊನೆಗೆ ಬಂದು ಕೂರುವುದು ಎಲ್ಲಿ? ಒಂದು ಮರದ ಪೀಠದ ಮೇಲೆ. ಅದೇ ಸಿಂಹಾಸನ, ಅದೇ ರಥ, ಬೇಕಾದರೆ ಅದೇ ಬೆಟ್ಟ. ವೇಷ ಗಟ್ಟಿ ಇದ್ದರೆ ಪೀಠ ಸಿಂಹಾಸನವೇ ಆಗುತ್ತದೆ. ಆ ಕಡೆ ನೋಡಿದರೆ ಸಾವಿರ ಕತ್ತಿಗಳ ಸಿಂಹಾಸನ, ಅಷ್ಟು ದೊಡ್ಡ ಸೆಟ್. ಆದರೂ ಗೀತಾ ನಂಬಿದ್ದು ವೇಷವನ್ನು. ಪುಸ್ತಕ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್, ನಿಮ್ಮ ವಿಸೇರಿಸ್ ನನ್ನ ವಿಸೇರಿಸ್‌ಗಿಂತ ಚೆನ್ನಾಗಿದ್ದಾನೆ ಅಂತ ಪ್ಯಾಡಿಗೆ ಹೇಳಿದರಂತೆ.

ಹಾಂ, ಈಗ ಕಾಣುತ್ತಿರುವುದು ಅನಂತಪುರ. ಕುಂಬಳೆಯಿಂದ ಬದಿಯಡ್ಕ ರಸ್ತೆ ಹಿಡಿದು ನಾಯ್ಕಾಪಿನಲ್ಲಿ ತಿರುಗಿದರೆ ಹತ್ತಿರ. ಮುರಕಲ್ಲಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ ಬಬಿಯಾ ಇದ್ದದ್ದು ಇಲ್ಲೇ. ಒಂದು ವಿಚಿತ್ರ ಹೇಳಲಾ? ವಿಸೇರಿಸ್ ಸಾಯುವ ಆ ಎಪಿಸೋಡ್ ಅಮೆರಿಕದಲ್ಲಿ ಬಂದದ್ದು 2022ರ ಅಕ್ಟೋಬರ್ 9, ಭಾನುವಾರ. ಬಬಿಯಾ ಹೋದದ್ದೂ ಅದೇ ಭಾನುವಾರ ರಾತ್ರಿ. ನಮಗೆ ಹಾಟ್‌ಸ್ಟಾರ್‌ನಲ್ಲಿ ಎಪಿಸೋಡ್ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ. ಅಷ್ಟು ಹೊತ್ತಿಗೆ ವಾಟ್ಸಾಪ್ ತುಂಬ ಬಬಿಯಾ ಫೋಟೋ. ಇದಕ್ಕೊಂದು ಅರ್ಥ ಇದೆ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೇಳಿದೆ. 2023ರಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು, ಗೊತ್ತಲ್ವಾ? ಇಲ್ಲಿ ಪಟ್ಟಕ್ಕೆ ಜಗಳವೇ ಇಲ್ಲ.

ಸರಿ, ಎರಡನೇ ಸೀಸನ್, 2024. ಮೂರನೇ ಎಪಿಸೋಡ್ ಗೀತಾ ಅವರದ್ದು. ಅದರ ಶುರು ನೋಡಿ. ಅಕ್ಕಪಕ್ಕದ ಎರಡು ಮನೆತನದ ಹುಡುಗರು ಜಗಳಕ್ಕೆ ನಿಂತಿದ್ದಾರೆ. ಯಾತಕ್ಕೆ? ಗಡಿಕಲ್ಲು ಸರಿಸಿದ್ದೀರಿ, ದನ ನಮ್ಮ ಕಡೆ ಮೇಯುತ್ತಿದೆ. ಬೈಗುಳ, ತಳ್ಳಾಟ, ಒಬ್ಬ ಕತ್ತಿ ಹಿರಿಯುತ್ತಾನೆ. ಮುಂದಿನ ಶಾಟ್‌ನಲ್ಲಿ ಬಯಲು ತುಂಬ ಹೆಣ. ಹಿಂದೆ ಗಿರಣಿ ಉರಿಯುತ್ತಿದೆ. ಯುದ್ಧ ತೋರಿಸಲೇ ಇಲ್ಲ! ಆ ಒಂದು ಕಟ್‌ನಲ್ಲಿ ಎಲ್ಲ ಮುಗಿದಿದೆ. ಅದರ ಮುಂದಿನ ವಾರ ಅಲನ್ ಟೇಲರ್ ಅವರ ಡ್ರ್ಯಾಗನ್ ಕಾಳಗ ಬಂತು, ಎಲ್ಲರ ಸ್ಟೇಟಸ್‌ನಲ್ಲೂ ಅದೇ. ಗಡಿಕಲ್ಲಿನ ಹುಡುಗರನ್ನು ಯಾರೂ ನೆನೆಯಲಿಲ್ಲ.

ನಾನು ನೆನೆಯದೆ ಹೇಗಿರಲಿ? 1956ರ ನವೆಂಬರ್ 1ರಂದು ಕೇರಳ, ಮೈಸೂರು ರಾಜ್ಯಗಳ ನಡುವೆ ಗೆರೆ ಬಿದ್ದ ಜಾಗದಲ್ಲಿ ಹುಟ್ಟಿದವ ನಾನು. ಗೆರೆಯ ಆಚೆ ತಲಪಾಡಿ ದಾಟಿದರೆ ಮಂಗಳೂರು, ಈಚೆ ನಾವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಮಹಾಜನ ವರದಿ ಹೇಳಿತು, ವರದಿ ವರದಿಯಾಗಿಯೇ ಉಳಿಯಿತು. ನಮ್ಮಲ್ಲಿ ಕತ್ತಿ ಹೊರಬರಲಿಲ್ಲ, ಮನವಿಪತ್ರ ಹೊರಬಂತು. ಆದರೆ ಗೆರೆ ಎಳೆದವರು ಒಬ್ಬರು, ಅದರ ಮೇಲೆ ನಿಂತು ಜಗಳವಾಡುವವರು ಇನ್ನೊಬ್ಬರು ಅನ್ನುವುದು ಆ ಹುಡುಗರ ಮುಖದಲ್ಲಿ ಕಾಣುತ್ತದೆ. ಕಾಶ್ಮೀರದಲ್ಲಿ ಕ್ಯಾಮೆರಾ ಹಿಡಿದು ಓಡಾಡಿದವರು ಇದನ್ನು ತೆಗೆದದ್ದು ನನಗೆ ಆಶ್ಚರ್ಯ ಅನ್ನಿಸಲಿಲ್ಲ.

ಈಗ ನನ್ನ ಮುಖ್ಯ ವಾದ. ಗೀತಾ ಮಾಡಿದ ಮೂರು ಎಪಿಸೋಡ್ ಒಟ್ಟಿಗೆ ಇಟ್ಟು ನೋಡಿ. ಮೊದಲನೆಯದರ ಕೊನೆಯಲ್ಲಿ ಸಾಯುತ್ತಿರುವ ವಿಸೇರಿಸ್, ಎದುರಿಗಿರುವ ಹೆಂಡತಿ ಆಲಿಸೆಂಟ್‌ಳನ್ನು ಮಗಳು ಅಂದುಕೊಂಡು ಏನೋ ತೊದಲುತ್ತಾನೆ. ಈಗನ್ ಅನ್ನುತ್ತಾನೆ. ಅವನು ಹೇಳಿದ್ದು ಹಳೇ ಕಾಲದ ರಾಜ ಈಗನ್ ಕಂಡ ಕನಸಿನ ವಿಷಯ. ಅವಳು, ಪಟ್ಟ ರೆನೀರಾಗಲ್ಲ, ತನ್ನ ಮಗ ಈಗನ್‌ಗೇ ಅಂದುಕೊಂಡಳು. ಅಲ್ಲಿಂದ ಯುದ್ಧ. ಎರಡನೆಯದರಲ್ಲಿ, ಅದೇ ಗಡಿಕಲ್ಲಿನ ಎಪಿಸೋಡ್, ರೆನೀರಾ ಸನ್ಯಾಸಿನಿ ವೇಷದಲ್ಲಿ ಬಂದು ದೀಪಗಳ ನಡುವೆ ಆಲಿಸೆಂಟ್ ಪಕ್ಕ ಕೂರುತ್ತಾಳೆ. ಆ ಈಗನ್ ಯಾರು ಅಂತ ಆಲಿಸೆಂಟ್‌ಗೆ ತಿಳಿಯುವುದು ಅಲ್ಲೇ. ಒಲಿವಿಯಾ ಕುಕ್ ಮುಖ ನೋಡಬೇಕು ಆಗ! ಗೊತ್ತಾಯಿತು, ಆದರೆ ಒಪ್ಪುವುದಿಲ್ಲ. ಸೈನ್ಯ ಹೊರಟಾಗಿದೆ.

ಮೂರನೆಯದು ಸೀಸನ್‌ನ ಕೊನೆಯ ಎಪಿಸೋಡ್. ಯುದ್ಧವೇ ಇಲ್ಲ, ಇಷ್ಟು ಕಾಯಿಸಿ ಮೋಸ ಮಾಡಿದರು ಅಂತ ಜನ ಬೈದರು. ಕಥೆಯನ್ನು ಅಲ್ಲಿ ನಿಲ್ಲಿಸಿದ್ದಕ್ಕೆ ನನಗೂ ಸಿಟ್ಟಿದೆ, ಆದರೆ ಅದು ನಿರ್ದೇಶಕಿ ಮೇಲಲ್ಲ. ಆಲಿಸೆಂಟ್ ಈ ಸಲ ತಾನೇ ಕದ್ದು ರೆನೀರಾ ಹತ್ತಿರ ಬರುತ್ತಾಳೆ. ಊರಿನ ಬಾಗಿಲು ತೆರೆಸುತ್ತೇನೆ ಅನ್ನುತ್ತಾಳೆ. ರೆನೀರಾ ಕೇಳುವುದು ಆಲಿಸೆಂಟ್‌ಳ ಮಗ ಈಗನ್‌ನ ತಲೆ. ಯಾರ ಹೆಸರು ತಪ್ಪಾಗಿ ಕೇಳಿ ಇಷ್ಟೆಲ್ಲ ಆಯಿತೋ, ಅದೇ ಮಗ. ಇಬ್ಬರು ಹೆಂಗಸರು, ಒಂದು ಕೋಣೆ, ಒಂದು ಡ್ರ್ಯಾಗನ್ ಕೂಡ ಇಲ್ಲ. ಆಲಿಸೆಂಟ್ ಒಪ್ಪುತ್ತಾಳೆ. ಯುದ್ಧ ಇಲ್ಲ ಅಂದವರು ಇನ್ನೊಮ್ಮೆ ಈ ದೃಶ್ಯ ಹಾಕಿ ನೋಡಿ, ರೆನೀರಾ ಪಾತ್ರದ ಎಮ್ಮಾ ಡಾರ್ಸಿ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ ಗಮನಿಸಿ. ಆಮೇಲೆ ಮಾತಾಡೋಣ.